ಕುರಿಮರಿ ಮತ್ತು ಸೂಲಗಿತ್ತಿ

“ಕುರಿಮರಿ!” ಟ್ರೆಂಟ್ ಆ ಕಾರ್ಡನ್ನು ಸತ್ತ ಇಲಿಯ ಬಾಲ ಹಿಡಿದಂತೆ ಎರಡು ಬೆರಳಲ್ಲಿ ಮೇಲೆತ್ತಿದ. “ನೋಡ್ರಪ್ಪಾ, ಆರ್ಲೀನ್ ಅಜ್ಜಿ ನನ್ನ ಮೇಲೆ ಕುರಿಮರಿ ಛೂ ಬಿಡ್ತಾಳಂತೆ.”

ಮೇಜುಗಳ ಸುತ್ತ ನಗೆಯೆದ್ದಿತು. ಗುರುವಾರ ಸಂಜೆ ಅಮೆರಿಕದ ಡುಲೂತ್ ಊರಿನ ಆ ಕಾರ್ಡಾಟದ ಅಂಗಡಿಯ ಹಿಂಬದಿಯಲ್ಲಿ ಎಲ್ಲರೂ ಕಾರ್ಡು ಹರಡಿಕೊಂಡು ಶನಿವಾರದ ಆಟಕ್ಕೆ ತಮ್ಮ ತಮ್ಮ ಕಟ್ಟು ಜೋಡಿಸುವುದು ವಾಡಿಕೆ. ಯಾರ ಕಟ್ಟನ್ನು ಯಾರು ಬೇಕಾದರೂ ನೋಡಬಹುದು, ಹೀಗಳೆಯಬಹುದು. ಹೀಗಳೆಯುವುದರಲ್ಲಿ ಟ್ರೆಂಟ್ ಹಾಲ್ವರ್ಸನ್‌ನನ್ನು ಮೀರಿಸಿದವರಿಲ್ಲ.

ಆರ್ಲೀನ್ ಅರವತ್ತು ದಾಟಿದವಳು. ಚಳಿಗಾಲ ಶುರುವಾದಾಗ ಅಂಗಡಿಯ ಲೀಗ್ ಪಂದ್ಯಗಳಿಗೆ ಸೇರಿದವಳು, ವಾರ ವಾರವೂ ಸೋತಳು. ಸೋತು, ಕಾರ್ಡು ಎತ್ತಿಟ್ಟುಕೊಂಡು, ಎದುರಾಳಿಯ ಕೈಕುಲುಕಿ ಹೋಗುವಳು. ಟ್ರೆಂಟ್‌ನ ಮೈ ಉರಿಸುತ್ತಿದ್ದುದು ಅವಳ ಸೋಲಲ್ಲ, ಆ ನೆಮ್ಮದಿ.

“ಈ ವಯಸ್ಸಲ್ಲಿ ಈ ಆಟ ಯಾರು ಹೇಳಿಕೊಟ್ರು ನಿಂಗೆ?”

“ಯಾರೂ ಹೇಳಿಕೊಡ್ಲಿಲ್ಲ ಕಣಪ್ಪಾ. ಕೇಳಿ ಕೇಳಿ ಬಂತು.”

“ಬಂದಿಲ್ಲ. ಅದೇ ತೊಂದರೆ.”

ಅವಳ ಕಟ್ಟಿನ ಉಪಾಯ ಮೂರು ಜೀವಿಗಳದು. ಕುರಿಮರಿ ಮೇಜಿಗೆ ಬಂದೊಡನೆ ಸಾಯಲೇಬೇಕು. ಸೂಲಗಿತ್ತಿ ಮೇಜಿನ ಮೇಲಿದ್ದರೆ ಸತ್ತ ಮರಿಯನ್ನು ಮತ್ತೆ ಹುಟ್ಟಿಸಲೇಬೇಕು. ತೋಳ ಜೊತೆಗಿದ್ದರೆ ಪ್ರತಿ ಸಾವಿಗೊಮ್ಮೆ ಎದುರಾಳಿಯನ್ನು ಕಚ್ಚುತ್ತದೆ. ಮೂರೂ ಕೂಡಿದರೆ ಎದುರಾಳಿಯ ಕಥೆ ಮುಗಿಯಿತು.

“ಮೂರೂ ಕೂಡೋಷ್ಟರಲ್ಲಿ ನನ್ನ ಕರಡಿಗಳು ನಿನ್ನ ತಿಂದು ತೇಗಿರ್ತಾವೆ,” ಎಂದ ಟ್ರೆಂಟ್.

“ಎರಡೇ ಕೂಡಿದ್ರೆ? ತೋಳ ಇಲ್ದೆ?”

“ಮರಿ ಹುಟ್ಟುತ್ತೆ, ಸಾಯುತ್ತೆ, ಹುಟ್ಟುತ್ತೆ, ಸಾಯುತ್ತೆ. ಲೋಕ ಮುಳುಗೋವರೆಗೂ. ನಿಲ್ಸೋಕೆ ನಿಂಗೂ ಆಗಲ್ಲ. ಆಟ ಡ್ರಾ. ಯಾವನಿಗೆ ಬೇಕು ಅದು?”

“ಎದುರಿನವರು ನಿಲ್ಲಿಸಬಹುದಲ್ವಾ?”

“ಬೇಟೆಗಾರನ ಕಾರ್ಡು ಇದ್ದವರು ನಿನ್ನ ಸೂಲಗಿತ್ತೀನ ಹೊಡೆದು ಕೆಡವ್ತಾರೆ, ಮುಗೀತು. ನನ್ನ ಕಟ್ಟಲ್ಲಿ ನಾಲ್ಕು ಬೇಟೆಗಾರರಿದ್ದಾರೆ. ಹೋಗಿ ಮಫ್ಲರ್ ಹೆಣೆದುಕೊಂಡಿರು ಅಜ್ಜೀ.”

ಆರ್ಲೀನ್ ತಲೆಯಾಡಿಸಿದಳು. ಪಾಠ ಒಪ್ಪಿಸಿಕೊಂಡವಳಂತೆ.

ಶನಿವಾರ ಲೀಗಿನ ಕೊನೆಯ ಆಟ. ಯಾರಿಗೆ ಯಾರು ಎದುರು ಎಂಬುದು ಲೀಗ್ ಶುರುವಾಗುವ ಮೊದಲೇ ಗೋಡೆಗೆ ಅಂಟಿತ್ತು: ಟ್ರೆಂಟ್‌ಗೆ ಆರ್ಲೀನ್. ಅಂಕಪಟ್ಟಿಯ ತಲೆಯಲ್ಲಿದ್ದ ರೊಸೆಂಡೊ ತನ್ನ ಆಟಗಳನ್ನೆಲ್ಲ ಮುಗಿಸಿಯಾಗಿತ್ತು. ಟ್ರೆಂಟ್ ಗೆದ್ದರೆ ರೊಸೆಂಡೊನನ್ನು ದಾಟಿ, ಶಿಕಾಗೋದ ದೊಡ್ಡ ಪಂದ್ಯಕ್ಕೆ ಅಂಗಡಿಯಿಂದ ಹೋಗುವ ಒಬ್ಬನೇ ಒಬ್ಬನಾಗುತ್ತಿದ್ದ. ಗೆಲ್ಲದಿದ್ದರೆ ಇಲ್ಲ. ಹಿಂದಿನ ಎರಡು ವರ್ಷವೂ ಕೂದಲೆಳೆಯಲ್ಲಿ ತಪ್ಪಿಹೋಗಿತ್ತು. ಈ ಸಲ ದೇವರು ಕಣ್ಣುಬಿಟ್ಟು ಮುದುಕಿಯೊಬ್ಬಳನ್ನು ಕಳುಹಿಸಿದ್ದ.

ಆ ಗುರುವಾರ ರಾತ್ರಿ ಮನೆಗೆ ಹೋಗಿ ಟ್ರೆಂಟ್ ತನ್ನ ಕಟ್ಟು ಬಿಚ್ಚಿದ. ಕುರಿದೊಡ್ಡಿಗೆ ಬೇಟೆಗಾರರೇಕೆ? ನಾಲ್ವರನ್ನೂ ಕಿತ್ತು ಆ ಜಾಗಕ್ಕೆ ಇನ್ನಷ್ಟು ಕರಡಿ ತುಂಬಿದ. ಬೇಗ ಮುಗಿಸಬೇಕು. ಬೇಗ ಮುಗಿಸಿದ್ದನ್ನು ಎಲ್ಲರೂ ನೋಡಬೇಕು. ಅಂಗಡಿಯಲ್ಲಿ ಯಾರಿಗೂ ಸುಳಿವು ಕೊಡಲಿಲ್ಲ. ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಎಂದಿನಂತೆ ತಮ್ಮನಿಗೆ ಫೋನ್ ಮಾಡಿ, ಅವನೊಬ್ಬನಿಗೆ ಹೇಳಿದ.

“ಒಬ್ಬ ಬೇಟೆಗಾರನೂ ಇಲ್ಲ ಕಣೋ! ಆ ಮುದಿಕೋಳಿಗೆ ಗುಂಡು ಬೇರೆ ದಂಡ. ಬರೀ ಕರಡಿ.” ಅವನು ನಕ್ಕ ರಭಸಕ್ಕೆ ಅಕ್ಕಪಕ್ಕದವರು ತಿರುಗಿ ನೋಡಿದರು. ನೋಡಲಿ.

ಶನಿವಾರ ಮೇಜಿನ ಸುತ್ತ ಜನ ಕವಿದಿತ್ತು. ಅಂಗಡಿಯ ಯಜಮಾನ ಫ್ಲಾಯ್ಡ್ ತೀರ್ಪುಗಾರನಾಗಿ ಪಕ್ಕದಲ್ಲಿ ನಿಂತ. ಟ್ರೆಂಟ್‌ನ ಕರಡಿಗಳು ಒಂದರ ಹಿಂದೊಂದು ಬಂದವು. ಆರ್ಲೀನಳ ಅಂಕಗಳು ಕರಗಿ, ಇನ್ನೊಂದು ಏಟಿಗೆ ಪ್ರಾಣ ಹೋಗುವಷ್ಟಕ್ಕೆ ಬಂದವು.

ಅವಳು ಸೂಲಗಿತ್ತಿಯನ್ನು ಇಟ್ಟಳು.

“ಆಯ್ತು, ಒಂದು ಬಂತು,” ಎಂದ ಟ್ರೆಂಟ್. “ತೋಳ ಎಲ್ಲಮ್ಮಾ? ಮೇಯಕ್ಕೆ ಹೋಗಿದ್ಯಾ?”

“ತೋಳ ತೆಗೆದುಬಿಟ್ಟೆ ಕಣಪ್ಪಾ. ಮೂರೂ ಕೂಡಲ್ಲ ಅಂತ ನೀನೇ ಹೇಳಿದ್ಯಲ್ಲ. ಅದರ ಬದಲು ಕುರುಬರನ್ನ ಹಾಕ್ಕೊಂಡೆ.” ಅವಳು ಕುರುಬನ ಕಾರ್ಡು ಇಟ್ಟಳು. ಕುರುಬನ ಕೆಲಸ ಒಂದೇ, ಕಟ್ಟಿನೊಳಗಿಂದ ಮರಿಯನ್ನು ಹುಡುಕಿ ತರುವುದು. ತಂದ.

ಕುರಿಮರಿ ಬಂತು. ಸತ್ತಿತು. ಹುಟ್ಟಿತು. ಸತ್ತಿತು. ಹುಟ್ಟಿತು.

ಟ್ರೆಂಟ್ ಇನ್ನೂ ನಗುತ್ತಿದ್ದ. ನಗು ತುಟಿಯ ಮೇಲಿರುವಾಗಲೇ ಕಣ್ಣು ತನ್ನ ಕೈಯತ್ತ ಇಳಿಯಿತು. ಕರಡಿ. ಕರಡಿ. ಕರಡಿ.

“ಇದನ್ನ ನಿಲ್ಲಿಸೋ ಕಾರ್ಡು ಇದ್ಯಾ ಟ್ರೆಂಟ್?” ಫ್ಲಾಯ್ಡ್ ಕೇಳಿದ.

ಟ್ರೆಂಟ್ ಕೈಯಲ್ಲಿದ್ದ ಕರಡಿಗಳನ್ನು ಮೇಜಿನ ಮೇಲೆ ಬೋರಲು ಹಾಕಿದ.

“ಹಾಗಾದ್ರೆ ನಿಯಮ ನಿಯಮಾನೇ. ಡ್ರಾ. ರೊಸೆಂಡೊ, ಶಿಕಾಗೋಗೆ ಹೊರಡು.”

ಗದ್ದಲವೆದ್ದಿತು. ಯಾರೋ ಶಿಳ್ಳೆ ಹಾಕಿದರು. ಟ್ರೆಂಟ್‌ನ ಮುಖ ಕೆಂಪಾಯಿತು.

“ಕಳ್ಳ ಮುದುಕಿ! ಬೇಟೆಗಾರರಿದ್ದಿದ್ರೆ ಇದು ಒಂದು ಕ್ಷಣ ನಿಲ್ತಿರ್ಲಿಲ್ಲ. ಅವರನ್ನ ನಾನು ತೆಗೆದಿದ್ದು ನಿಂಗೆ ಹೇಗೆ ಗೊತ್ತಾಯ್ತು? ನನ್ನ ಮನೆಗೆ ಬಂದು ಇಣುಕಿದ್ಯಾ? ನನ್ನ ತಮ್ಮನನ್ನ ಹಿಡ್ಕೊಂಡ್ಯಾ?”

“ನಿನ್ನ ತಮ್ಮ ಯಾರು ಅಂತ ನಾ ಕಂಡೋಳಲ್ಲ,” ಎಂದಳು ಆರ್ಲೀನ್. “ಅವನ ಮಾತೂ ಒಂದಿನ ಕೇಳಿಸಿದ್ದಿಲ್ಲ. ಕೇಳಿಸೋದೆಲ್ಲ ನಿನ್ನದೇ.”

“ಎಲ್ಲಿ?”

ಅವಳು ಕಾರ್ಡುಗಳನ್ನು ಎತ್ತಿಟ್ಟುಕೊಂಡಳು. ರೂಢಿಯಂತೆ ಕೈ ಚಾಚಿದಳು. ಅವನು ಕುಲುಕಲಿಲ್ಲ, ಆದರೆ ಆ ಚಳಿಗಾಲದಲ್ಲಿ ಮೊದಲ ಸಲ ಅವಳ ಮುಖವನ್ನು ನೆಟ್ಟು ನೋಡಿದ. ನೋಡಿದರೂ ಗುರುತು ಹತ್ತಲಿಲ್ಲ.

“ಬಸ್ಸಲ್ಲಿ, ಟ್ರೆಂಟ್. ಮೂರು ವರ್ಷದಿಂದ ದಿನಾ ಬೆಳಿಗ್ಗೆ ನನ್ನ ಬೆನ್ನ ಹಿಂದಿನ ಸೀಟಲ್ಲೇ ಕೂತ್ಕೊಂಡು ಬರ್ತೀಯ. ಬಸ್ಸು ಯಾರು ಓಡಿಸ್ತಾರೆ ಅಂತ ಒಂದು ಸಲನಾದ್ರೂ ತಲೆಯೆತ್ತಿ ನೋಡಿದ್ಯಾ?”