ತಾನಾಗಿ ಏರುವ ಮುಳ್ಳು

ಚಳಿಗಾಲದ ಬೆಳಗಿನ ಹೊತ್ತು. ಮೇಜಿನ ಮೇಲಿದ್ದ ಏರ್‌ರೈಫಲ್ಲನ್ನು ಯಾರೂ ಮುಟ್ಟಿರಲಿಲ್ಲ. ಆದರೂ ಅದರ ಒತ್ತಡದ ಮುಳ್ಳು ತಾನಾಗಿ ಮೇಲೇರುತ್ತಿತ್ತು. ರಿಪೇರಿಯ ಮುದುಕ ಕಣ್ಣು ಕೀಳದೆ ನೋಡಿದ.

"ಸ್ವಲ್ಪ ಹೊತ್ತು ಇಟ್ಟು ಹೊಡೆದ್ರೆ ಮೊದಲ ಗುಂಡು ಮೇಲಕ್ಕೇ ಹೋಗುತ್ತೆ, ಮಾಮ. ಅಪ್ಪ ತೀರಿಕೊಂಡ ಮೇಲೆ ಹೀಗೆ. ಅವರೇ ನಳಿಗೆ ಎತ್ತಿದ ಹಾಗೆ," ಎಂದಳು ಹುಡುಗಿ. "ಭಾನುವಾರ ಪಂದ್ಯ ಬೇರೆ."

"ದೆವ್ವಕ್ಕೆ ಬೇರೆ ಕೆಲಸ ಇಲ್ವೇನಮ್ಮ?" ಎನ್ನುತ್ತ ಅವನು ಗುಂಡಿಗೆ ಹೋಗುವ ಗಾಳಿಯ ಒತ್ತಡವನ್ನು ಹದದಲ್ಲಿಡುವ ರೆಗ್ಯುಲೇಟರ್ ಬಿಚ್ಚಿದ. ಗಾಳಿ ತಡೆಯುವ ಸೀಲಿನಡಿ ಒಂದು ಬಿಳಿಕೂದಲು ಅಡ್ಡ ಬಿದ್ದಿತ್ತು. ಆ ಸಂದಿನಿಂದಲೇ ಗಾಳಿ ಒಳಕ್ಕೆ ನುಸುಳಿ ಒತ್ತಡ ಏರಿಸುತ್ತಿತ್ತು. ರೆಗ್ಯುಲೇಟರನ್ನು ಕೊನೆಯ ಸಲ ಜೋಡಿಸಿದ್ದು ಅವಳ ಅಪ್ಪ. ಚಿಮುಟದ ತುದಿಯಲ್ಲಿ ಕೂದಲು ನಡುಗಿತು.

"ಇದ್ದಲ್ಲೇ ಇಟ್ಟುಬಿಡಿ ಮಾಮ. ಪಂದ್ಯಕ್ಕೆ ಮುಂಚೆ ಲೆಕ್ಕಕ್ಕಿಲ್ಲದ ಗುಂಡು ಹೊಡೆಯೋಕೆ ಬಿಡ್ತಾರೆ. ಅದು ಅಪ್ಪಂದು."

"ಪಂದ್ಯದ ಮಧ್ಯೆ ತಡ ಮಾಡಿದ್ರೆ ನಿಮ್ಮಪ್ಪ ಮತ್ತೆ ಬರ್ತಾನೆ, ನೋಡು."

"ಬರಲಿ."

ಅವನು ಕೂದಲನ್ನು ಮೊದಲಿನಂತೆ ಮಲಗಿಸಿ ಮುಚ್ಚಿದ. ಅಪ್ಪ ಮಗಳು ಇಬ್ಬರೂ ಅಂಗಡಿಯಿಂದ ಹೊರಟುಹೋದರು.