ಎತ್ತರದ ಹ್ಯಾಂಡಲ್

ಕನ್ಯಾಕುಮಾರಿಯವರೆಗೆ ಬಗ್ಗಿ ಓಡಿಸಿದರೆ ಸೊಂಟ ಹಿಡಿಯುತ್ತದೆಂದು ಕೊಟ್ರೇಶಪ್ಪ ಬೈಕಿನ ಹಳೆಯ ಹ್ಯಾಂಡಲ್ ಕಿತ್ತು, ಮೊಳದೆತ್ತರದ ಹೊಸದನ್ನು ವಿಡಿಯೊ ನೋಡಿ ತಾನೇ ಕೂರಿಸಿದ. ಕೇಬಲ್‌ಗಳು ಮಾತ್ರ ಹಳೆಯವೇ.

“ಕೇಬಲ್ ಎಳೆದು ಕಟ್ಟಿದಂಗೈತಲ್ರೀ, ಸಾಲ್ತೈತಾ?” ಎಂದಳು ಹೆಂಡತಿ.

“ಬಿಗಿ ಇದ್ರೇನೇ ಗಟ್ಟಿ. ನಿಂಗೇನ್ ಗೊತ್ತಾಗ್ತೈತೆ, ಸುಮ್ನಿರು.”

ಮರುದಿನ ಬೀಳ್ಕೊಡಲು ಓಣಿಯವರೆಲ್ಲ ಸೇರಿದರು. ಹೆಂಡತಿ ಆರತಿ ಎತ್ತಿದಳು. ಚಕ್ರದಡಿಯ ನಿಂಬೆಹಣ್ಣನ್ನು ಅಪ್ಪಚ್ಚಿ ಮಾಡಿ, ಕೊಟ್ರೇಶಪ್ಪ ಕನ್ಯಾಕುಮಾರಿಗೆ ಹೊರಟೇಬಿಟ್ಟ. ಮೂಲೆಯಲ್ಲಿ ಎಡಕ್ಕೆ ಹೊರಳಿ ಮರೆಯಾದ.

ಆರತಿಯ ದೀಪ ಇನ್ನೂ ಆರಿರಲಿಲ್ಲ, ಓಣಿಯ ಆಚೆ ತುದಿಯಿಂದ ಬೈಕು ಮತ್ತೆ ಬಂತು. ಜನ ಮತ್ತೊಮ್ಮೆ ಕೈಬೀಸಿದರು. ಮೂರನೇ ಸಲ ಬಂದಾಗ ಹೆಂಡತಿ ಅಡ್ಡ ನಿಂತಳು.

“ಏನ್ರೀ, ಏನಾದ್ರೂ ಮರೆತ್ರಾ?”

“ಹ್ಯಾಂಡಲ್ ಬಲಕ್ಕೆ ತಿರುಗ್ತಿಲ್ಲ ಕಣೇ. ಬರೀ ಎಡಕ್ಕೇ ಹೋದ್ರೆ ಸಿಗೋ ಊರು ಯಾವುದಾದ್ರೂ ಇದ್ರೆ ಹೇಳು, ಹೋಗ್ಬರ್ತೀನಿ.”