ಆಫ್ ಆಗಿದ್ದ ಪೆಡಲು

"ಸಿಕ್ಕಿಬಿದ್ದ! ಈ ನನ್ಮಗನೇ! ಮೂರು ವರ್ಷದಿಂದ ನಡುವೆ ಬಿದ್ಕೊಂಡಿದಾನೆ, ಒಂದು ದಿನ ಒಂದು ಕೆಲಸ ಮಾಡಿಲ್ಲ. ಸದ್ದಿಲ್ದೆ ಎಲ್ಲಾ ನುಂಗ್ತಿರೋನು ಇವನೇ!"

ಮೇಜಿನ ಕೆಳಗೆ ಮಂಡಿಯೂರಿ ಕೂತಿದ್ದ ಗಿಟಾರಿನವನು ತನಗೆ ತಾನೇ ಕಿರುಚಿಕೊಂಡ ಮಾತಿದು. ಸೋಫಾದ ಮೇಲಿದ್ದ ಭಾವ ಓದುತ್ತಿದ್ದ ಪೇಪರನ್ನು ನಾಲ್ಕು ಮಡಿಕೆ ಮಾಡಿ ಪಕ್ಕಕ್ಕಿಟ್ಟ. ಈ ಭಾವ ಹೆಂಡತಿಯ ಅಣ್ಣ. ನಾಲ್ಕು ದಿನ ಇದ್ದು ಹೋಗುತ್ತೇನೆಂದು ಬಂದವನು, ಬಂದು ಮೂರು ವರ್ಷವಾಗಿತ್ತು.

"ನಾನು ಏನು ನುಂಗಿದೀನಪ್ಪಾ? ಬಿಡಿಸಿ ಹೇಳು."

"ಅಯ್ಯೋ, ನಿಮಗಲ್ಲ ಭಾವ! ಈ ಪೆಡಲಿಗೆ ಬೈದಿದ್ದು."

"ಪೆಡಲಿಗೆ ಯಾರಾದ್ರೂ ನನ್ಮಗ ಅಂತಾರಾ?"

"ಕೈ ಕೊಟ್ಟ ಮೇಲೆ ಇನ್ನೇನು, ಅಪ್ಪಾಜಿ ಅನ್ಲಾ?"

ಮೇಜಿನ ಕೆಳಗಿನ ಹಲಗೆಯ ಮೇಲೆ ಎಂಟು ಪೆಡಲುಗಳು, ಕಾಲಲ್ಲಿ ಒತ್ತಿ ಆನ್ ಮಾಡುವ ಪುಟ್ಟ ಪೆಟ್ಟಿಗೆಗಳು, ಸಾಲಾಗಿ ಕೂತಿದ್ದವು. ಗಿಟಾರಿನ ಸದ್ದು ಮೊದಲನೆಯದಕ್ಕೆ ಹೊಕ್ಕು, ಒಂದರಿಂದ ಒಂದಕ್ಕೆ ದಾಟಿ, ಎಂಟನೆಯದರಿಂದ ಹೊರಬಿದ್ದು ಸ್ಪೀಕರು ಸೇರಬೇಕು. ಒಂದು ಪೆಡಲು ಸದ್ದನ್ನು ಒರಟು ಮಾಡುತ್ತಿತ್ತು, ಇನ್ನೊಂದು ನಡುಗಿಸುತ್ತಿತ್ತು, ಮತ್ತೊಂದು ಬಾವಿಯೊಳಗಿಂದ ಕೂಗಿದಂತೆ ಮಾಡುತ್ತಿತ್ತು. ಸಾಲಿನ ನಡುವಿದ್ದ ನೇರಳೆ ಪೆಡಲು ಮಾತ್ರ ಭಾವ ಬಂದ ದಿನ ತಂದುಕೊಟ್ಟ ಉಡುಗೊರೆ. ಅದು ಏನು ಮಾಡುತ್ತದೆಂದು ಯಾರಿಗೂ ತಿಳಿಯದ್ದರಿಂದ ಅದನ್ನು ಒಮ್ಮೆಯೂ ಆನ್ ಮಾಡಿರಲಿಲ್ಲ. ಭಾವನಿಗೆ ಬೇಸರವಾದೀತೆಂದು ತೆಗೆದೂ ಇರಲಿಲ್ಲ. ಕಳೆದ ವಾರ ವಾದ್ಯತಂಡದ ಯಜಮಾನ, "ನಿನ್ನ ಗಿಟಾರು ಕಂಬಳಿ ಹೊದ್ಕೊಂಡು ಗೊಣಗ್ತಿದೆ. ಭಾನುವಾರ ನಾಲ್ಕು ಗಂಟೆಗೆ ಇನ್ನೊಂದೇ ಒಂದು ಸಲ ಕೇಳ್ತೀನಿ, ಆಮೇಲೆ ಬೇರೆಯವರನ್ನ ಕರ್ಕೋತೀನಿ" ಎಂದು ಮುಖಕ್ಕೆ ಹೊಡೆದಂತೆ ಹೇಳಿದ್ದ. ಈಗ ಭಾನುವಾರ, ಎರಡೂವರೆ.

"ಆಫ್ ಆಗಿರೋದು ಹೆಂಗಪ್ಪಾ ನುಂಗುತ್ತೆ?"

"ಆಫ್ ಅಂದ್ರೆ ದೀಪ ಆರಿರುತ್ತೆ, ಅಷ್ಟೇ ಭಾವ. ಜಾಗ ಬಿಟ್ಟು ಹೋಗಿರಲ್ವಲ್ಲ! ಸದ್ದು ಇವನ ಹೊಟ್ಟೆಯೊಳಗೆ ಹಾದೇ ಹೋಗ್ಬೇಕು. ಚೂಪಾಗಿರೋದನ್ನೆಲ್ಲ ಒಳಗಿಟ್ಕೊಂಡು, ಮೆತ್ತಗಿರೋದನ್ನ ಮಾತ್ರ ಆಚೆ ಬಿಡ್ತಾನೆ. ಎತ್ತಿ ಆಚೆ ಹಾಕಿದ್ರೆ ಎಲ್ಲಾ ಸರಿಹೋಗುತ್ತೆ."

"ನೋಡು, ಮತ್ತೆ ನನಗೇ ಹೇಳ್ತಿದೀಯ."

ಅಡುಗೆಮನೆಯಿಂದ ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದಳು. "ಏನಂತೆ ಅಣ್ಣಾ ಇವರದು?" ಎಂದಳು. "ನಿಮ್ಮ ತಂಗಿಗೆ ಹೇಳಿ ಭಾವ, ಇದು ಪೆಡಲಿನ ವಿಷಯ ಅಂತ," ಎಂದ ಗಂಡ. ಆ ಮನೆಯಲ್ಲಿ ಗಂಡ ಹೆಂಡಿರ ಮಾತೆಲ್ಲ ಸೋಫಾದ ಮೇಲಿಂದಲೇ ಹಾದುಹೋಗುವುದು ವಾಡಿಕೆಯಾಗಿತ್ತು. ಭಾವ ಪೇಪರು ಇಳಿಸಿ ಕೇಳಿಸಿಕೊಳ್ಳುತ್ತಿದ್ದ, ಆ ಕಡೆಗೆ ದಾಟಿಸುತ್ತಿದ್ದ, ಮತ್ತೆ ಪೇಪರು ಏರಿಸುತ್ತಿದ್ದ.

ಈ ಸಲ ಅವನು ದಾಟಿಸಲಿಲ್ಲ. ಎದ್ದು ಬಂದು, ಬಗ್ಗಿ, ನೇರಳೆ ಪೆಡಲನ್ನು ಎರಡೂ ಕಡೆಯ ತಂತಿಗಳಿಂದ ಕಿತ್ತು ಕಂಕುಳಲ್ಲಿ ಇರುಕಿಕೊಂಡ. "ನಾವಿಬ್ರೂ ಆಚೆ ನಿಂತಿರ್ತೀವಿ. ನುಂಗ್ತಿದ್ದೋರು ನಾವೇನಾ ಅಂತ ಇವತ್ತು ತೀರ್ಮಾನ ಆಗ್ಲಿ," ಎಂದು ಚಪ್ಪಲಿ ಮೆಟ್ಟಿದ. ಹೊಸಿಲು ದಾಟಿದವನು ತಿರುಗಿ, "ಕದ ಹಾಕ್ಕೊಳ್ಳಿ. ಇಲ್ದಿದ್ರೆ ಪರೀಕ್ಷೆ ಸರಿಯಾಗಲ್ಲ," ಎಂದು ತಾನೇ ಎಳೆದುಕೊಂಡ.

ಗಿಟಾರಿನವನು ತೆರವಾದ ಜಾಗ ದಾಟಿಸಿ ತಂತಿಯನ್ನು ಮುಂದಿನ ಪೆಡಲಿಗೆ ಸೇರಿಸಿ, ಗಿಟಾರನ್ನು ಒಂದು ಸಲ ಮೀಟಿದ. ಕನ್ನಡಕ ಒರೆಸಿ ಹಾಕಿಕೊಂಡಂತೆ ಕಿವಿ ತೆರೆಯಿತು. ಗಿಟಾರಿನ ಪ್ರತಿಯೊಂದು ತಂತಿಯ ನಾದವೂ ಬೇರೆಬೇರೆಯಾಗಿ, ಬರಿಮೈಯಲ್ಲಿ ಎದುರು ಬಂದು ನಿಂತಿತು. ಎದ್ದ ರಭಸಕ್ಕೆ ಮೇಜಿಗೆ ತಲೆ ಬಡಿಯಿತು, ಅದೂ ಗೊತ್ತಾಗಲಿಲ್ಲ. "ಕೇಳಿಸ್ತಾ ಅಂತ ಕೇಳಿ ಭಾವ!" ಎಂದು ಅಭ್ಯಾಸಬಲದಿಂದ ಸೋಫಾದ ಕಡೆ ತಿರುಗಿದ. ಸೋಫಾದಲ್ಲಿ ಒಂದು ತಗ್ಗು ಮಾತ್ರ ಇತ್ತು.

"ಕೇಳಿಸ್ತು," ಎಂದಳು ಹೆಂಡತಿ. ತನ್ನ ದನಿಗೆ ತಾನೇ ಬೆಚ್ಚಿದಳು. "ನಿಮ್ಮ ಕಿರುಬೆರಳು ತಂತಿ ಮೇಲೆ ಸರಿಯಾಗಿ ಕೂರಲ್ಲ. ಪ್ರತಿ ಸಲ ಅಲ್ಲೇ ಅಪಸ್ವರ."

"ಇವತ್ತಾ?"

"ಮೂರು ವರ್ಷದಿಂದ."

"ಮೂರು ವರ್ಷ ಬಾಯಿಗೆ ಬೀಗ ಹಾಕ್ಕೊಂಡಿದ್ಯಾ? ಹೇಳೋಕೇನಾಗಿತ್ತು ನಿಂಗೆ?"

"ದಿನಾ ಹೇಳಿದೀನಿ. ಅಣ್ಣನ ಹತ್ರ. ನಿಮಗೆ ಹೇಳು ಅಂತ."

"ತಂಗಿಗೆ ತುಂಬಾ ಹಿಡಿಸ್ತಂತೆ ಅಂತ ಭಾವ ಹೇಳ್ತಿದ್ರಲ್ಲ ನಂಗೆ!"

"ಹಿಡಿಸ್ತು ಅಂತ ನಾನ್ಯಾವತ್ತು ಅಂದೆ?"

ಗಿಟಾರಿನವನಿಗೆ ಬೇರೊಂದು ಅನುಮಾನ ಹೊಕ್ಕಿತು. "ಮತ್ತೆ, ನಿನ್ನ ಅಡುಗೆಗೆ ಉಪ್ಪೇ ಇರಲ್ಲ ಅಂತ ನಾನು ಹೇಳಿಕಳ್ಸಿದ್ದು?"

"ಉಪ್ಪು ಇರಲ್ವಾ? ಅಣ್ಣ ‘ನಿನ್ನ ಕೈರುಚಿ ಯಾರಿಗೂ ಬರಲ್ವಂತೆ’ ಅಂದ!"

ಅವನು ಓಡಿಹೋಗಿ ಕದ ತೆರೆದ. "ಭಾವ, ಪರೀಕ್ಷೆ ಮುಗೀತು, ಒಳಗೆ ಬನ್ನಿ!" ಮೆಟ್ಟಿಲು ಖಾಲಿಯಿತ್ತು. ಕೆಳಗೆ, ಬೀದಿಯ ತಿರುವಿನಲ್ಲಿ, ಯಾರದೋ ಕಂಕುಳಲ್ಲಿ ನೇರಳೆ ಬಣ್ಣದ್ದೇನೋ ಒಂದು ಕ್ಷಣ ಕಂಡು ಮರೆಯಾಯಿತು. ಆಮೇಲೆ ಭಾವ ಆ ಮೆಟ್ಟಿಲು ಹತ್ತಲೇ ಇಲ್ಲ.

ಗಡಿಯಾರದಲ್ಲಿ ಮೂರಕ್ಕೆ ಹತ್ತು ನಿಮಿಷವಿತ್ತು. ಗಿಟಾರಿನವನು ತನ್ನ ಕಿರುಬೆರಳನ್ನೇ ನೋಡುತ್ತ ಹೊಸಿಲಲ್ಲಿ ನಿಂತ.

"ಕದ ಹಾಕಿ ಬಂದು ಕೂತ್ಕೊಳ್ಳಿ," ಎಂದಳು ಒಳಗಿನಿಂದ ಹೆಂಡತಿ. "ಇನ್ನೂ ಇದೆ."

ಅವಳ ಮಾತಿನ ಒಂದಕ್ಷರವೂ ಕಂಬಳಿ ಹೊದ್ದಿರಲಿಲ್ಲ.